ಪಿಂಚಣಿ ಬಂದ ಮೇಲೆ ಶಾಲೆಯ ಬಾಗಿಲು ಕಾಯುವವರು

ಈ ವರ್ಷದ ಬಜೆಟ್ಟಿನಲ್ಲಿ ನಮ್ಮೂರಿನ ಶಾಲಾ ಮಂಡಳಿ ಹೊಸದೊಂದು ಖರ್ಚು ಸೇರಿಸಿತು: ಪ್ರತಿ ಪ್ರಾಥಮಿಕ ಶಾಲೆಗೂ ಒಬ್ಬ ‘ಕ್ಲಾಸ್ ಥ್ರೀ’ ಆಫೀಸರ್, ಅಂದರೆ ಶಾಲೆ ಕಾಯುವ ನಿವೃತ್ತ ಪೊಲೀಸ್. ನಾವಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ, ಎಡಿಸನ್ನಿನಿಂದ ಬಹಳ ದೂರವಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ರಾವ್, ರೆಡ್ಡಿ, ಪಟೇಲ್, ಗೌಡ ಎಲ್ಲರೂ ಸಿಗುತ್ತಾರೆ. ಸುದ್ದಿ ಬಿದ್ದದ್ದೇ ತಡ, ಕನ್ನಡದ ಅಪ್ಪ ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳುಗಳು ಸಾಲುಗಟ್ಟಿದವು. ‘ಕೊನೆಗೂ ಬುದ್ಧಿ ಬಂತು’ ಎಂದರು ಒಬ್ಬರು. ‘ಗನ್ ಇರುತ್ತೆ ತಾನೆ?’ ಎಂದು ಇನ್ನೊಬ್ಬರು. ‘ರಿಟೈರ್ಡ್ ಪೊಲೀಸರಂತೆ. ವಯಸ್ಸಾದವರಾ? ಓಡ್ತಾರಾ?’ ಎಂದು ಮತ್ತೊಬ್ಬರು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಯಾರೋ ಹಲಸಿನಹಣ್ಣು ಎಲ್ಲಿ ಸಿಗುತ್ತದೆಂದು ಕೇಳಿ ಮಾತು ಆ ಕಡೆ ಹೋಯಿತು.

ನನಗೆ ಮಾತ್ರ ಅದು ತಲೆಯಲ್ಲೇ ಉಳಿಯಿತು. ನನ್ನ ದೊಡ್ಡಪ್ಪ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಆಮೇಲೆ ಬೆಂಗಳೂರಿನ ಶಾಲೆಯೊಂದರ ಗೇಟಿನಲ್ಲಿ ನಿಂತವರು. ಅವರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಇಲ್ಲಿನ ಕಾನೂನು.

ನ್ಯೂಜೆರ್ಸಿಯಲ್ಲಿ ‘ವಿಶೇಷ ಪೊಲೀಸರು’ ಎಂಬ ಏರ್ಪಾಡು ಹಳೆಯದು. ಮೊದಲ ದರ್ಜೆಯವರ ಸೊಂಟದಲ್ಲಿ ಪಿಸ್ತೂಲಿರುವುದಿಲ್ಲ. ಟ್ರಾಫಿಕ್ಕು, ಮೆರವಣಿಗೆ ನೋಡಿಕೊಳ್ಳುತ್ತಾರೆ. ಎರಡನೆಯ ದರ್ಜೆಯವರಿಗೆ ಡ್ಯೂಟಿಯಲ್ಲಿರುವಷ್ಟು ಹೊತ್ತು ಪಿಸ್ತೂಲೂ ಇರುತ್ತದೆ, ಪೊಲೀಸ್ ಅಧಿಕಾರವೂ ಇರುತ್ತದೆ. ಬೇಸಿಗೆಯಲ್ಲಿ ಸಮುದ್ರದಂಡೆಯ ಊರುಗಳಿಗೆ ಜನ ನುಗ್ಗಿದಾಗ ಬಂದೋಬಸ್ತಿಗೆ ನಿಲ್ಲುವ ಹುಡುಗರು ಹೆಚ್ಚಾಗಿ ಇವರೇ. ಮೂರನೆಯ ದರ್ಜೆ, ಅಂದರೆ ಕ್ಲಾಸ್ ಥ್ರೀ, ಹುಟ್ಟಿದ್ದು ಶಾಲೆಗಳಿಗೋಸ್ಕರ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ಟಿನ ನ್ಯೂಟೌನ್ ಎಂಬಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಹತ್ತಿರಹತ್ತಿರ ಎರಡು ತಾಸಿನ ದಾರಿ, ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಗೆ ನುಗ್ಗಿದವನು 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಕೊಂದ. ಆಮೇಲೆ ಇಲ್ಲಿನ ಎಷ್ಟೋ ಊರುಗಳು ಶಾಲೆಯ ಮುಂದೆ ಪೊಲೀಸ್ ಕಾರು ನಿಲ್ಲಿಸತೊಡಗಿದವು. ಕೆಲವು ತಿಂಗಳಾದ ಮೇಲೆ ಓವರ್‌ಟೈಮ್ ಬಿಲ್ಲು ನೋಡಿ ಕಾರು ವಾಪಸ್ ಕರೆಸಿಕೊಂಡ ಊರುಗಳೂ ಉಂಟು. 2016ರ ನವೆಂಬರ್ 30ರಂದು ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದ ಕಾಯ್ದೆ ಈ ಮೂರನೆಯ ದರ್ಜೆಯನ್ನು ತಂದಿತು.

ಷರತ್ತುಗಳು ಹೀಗಿವೆ. ಈ ರಾಜ್ಯದಲ್ಲಿ ಪೂರ್ಣಾವಧಿ ಪೊಲೀಸ್ ಕೆಲಸ ಮಾಡಿ ಒಳ್ಳೆಯ ಹೆಸರಿನಲ್ಲಿ ಹೊರಬಂದವರಾಗಿರಬೇಕು, ವಯಸ್ಸು 65 ದಾಟಿರಬಾರದು, ಮೈಕಟ್ಟು ಕೆಲಸಕ್ಕೆ ತಕ್ಕಂತಿರಬೇಕು, ಶಾಲೆಯಲ್ಲಿ ಕೆಲಸ ಮಾಡುವ ಪೊಲೀಸರಿಗೆಂದೇ ಇರುವ ತರಬೇತಿ ಮುಗಿಸಿರಬೇಕು. ಶಾಲೆ ನಡೆಯುವ ಹೊತ್ತಿನಲ್ಲಿ, ಶಾಲೆಯ ಆವರಣದಲ್ಲಿ, ಅವರಿಗೆ ಖಾಯಂ ಪೊಲೀಸನಿಗಿರುವ ಅಧಿಕಾರವೆಲ್ಲ ಇರುತ್ತದೆ. ಹಿಡಿಯಬಹುದು, ಬೇಡಿ ಹಾಕಬಹುದು. ಕೆಲಸ ಮಾತ್ರ ಅರೆಕಾಲಿಕ. ಈಗಾಗಲೇ ಇರುವ ಖಾಯಂ ಪೊಲೀಸರನ್ನು ತೆಗೆದು ಆ ಜಾಗಕ್ಕೆ ಇವರನ್ನು ಹಾಕುವಂತಿಲ್ಲ ಎಂದೂ ಬರೆದಿದ್ದಾರೆ. ಪೊಲೀಸ್ ಯೂನಿಯನ್ನುಗಳಿಗೆ ಆ ಸಾಲು ಬೇಕೇ ಬೇಕಿತ್ತು.

‘ಓಡ್ತಾರಾ?’ ಎಂಬ ಪ್ರಶ್ನೆಗೆ ಉತ್ತರ ಪಿಂಚಣಿಯ ನಿಯಮದಲ್ಲಿದೆ. ನ್ಯೂಜೆರ್ಸಿಯಲ್ಲಿ 2011ರ ಜೂನ್‌ಗೆ ಮೊದಲು ಸೇರಿದ ಪೊಲೀಸನೊಬ್ಬ 25 ವರ್ಷ ಸೇವೆ ಮಾಡಿದರೆ ಕೊನೆಯ ಸಂಬಳದ 65 ಶೇಕಡಾದಷ್ಟು ಪಿಂಚಣಿ ಪಡೆದು ಮನೆಗೆ ಹೋಗಬಹುದು. ಇಪ್ಪತ್ತಮೂರಕ್ಕೆ ಸೇರಿದವನು ನಲವತ್ತೆಂಟಕ್ಕೆ ನಿವೃತ್ತ. ನಮ್ಮ ಕಣ್ಣಿಗೆ ಬರುವ ‘ರಿಟೈರ್ಡ್’ ಎಂಬ ಚಿತ್ರ, ಆ ಬಿಳಿಕೂದಲು, ಆ ಮಂಕಿಕ್ಯಾಪು, ಇಲ್ಲಿ ಹೊಂದುವುದಿಲ್ಲ. ಶಾಲೆಯ ಬಾಗಿಲಲ್ಲಿ ನಿಂತವನ ಸ್ವಂತ ಮಕ್ಕಳು ಇನ್ನೂ ಕಾಲೇಜಿನಲ್ಲಿರಬಹುದು.

ಇದೇ ನಿಯಮ ಊರಿನ ಬೊಕ್ಕಸಕ್ಕೂ ಅನುಕೂಲ. ಖಾಯಂ ಪೊಲೀಸನೊಬ್ಬನನ್ನು ಶಾಲೆಗೆ ಹಾಕಿದರೆ ಸಂಬಳ, ಆರೋಗ್ಯ ವಿಮೆ, ಪಿಂಚಣಿಯ ಪಾಲು ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟುವುದು ಮಾಮೂಲು. ಕ್ಲಾಸ್ ಥ್ರೀ ಆಫೀಸರ್‌ಗೆ ಗಂಟೆ ಲೆಕ್ಕದ ಕೂಲಿ. ವಿಮೆ ಕೊಡಬೇಕಿಲ್ಲ, ಎರಡನೆಯ ಪಿಂಚಣಿ ಇಲ್ಲ, ಜುಲೈ ಆಗಸ್ಟ್‌ನಲ್ಲಿ ಶಾಲೆಯಿಲ್ಲ, ಸಂಬಳವೂ ಇಲ್ಲ. ಮನೆತೆರಿಗೆಯಿಂದ ಎತ್ತುವ ಹಣವನ್ನು ವರ್ಷಕ್ಕೆ 2 ಶೇಕಡಾಕ್ಕಿಂತ ಹೆಚ್ಚು ಏರಿಸಬಾರದೆಂಬ ಮಿತಿ ಇಲ್ಲಿ 2010ರಲ್ಲೇ ಬಂದಿದೆ. ಆ ಮಿತಿಯೊಳಗೆ ಸಂಗೀತದ ಮೇಷ್ಟರನ್ನು ಉಳಿಸಿಕೊಳ್ಳಬೇಕು, ಬಸ್ಸು ಓಡಿಸಬೇಕು, ಮೇಲೆ ಬಾಗಿಲಿಗೆ ಪಿಸ್ತೂಲಿರುವವರೊಬ್ಬರು ಬೇಕು. ಹಾಗಾಗಿ ನಿವೃತ್ತರು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಊರು ನಡೆಸುವವರು ದುಡ್ಡು ನೋಡಲೇಬೇಕು. ಆದರೆ ಮಂಡಳಿಯ ಸಭೆಯಲ್ಲಿ ತೋರಿಸಿದ ಸ್ಲೈಡುಗಳಲ್ಲಿ ದುಡ್ಡಿನ ಮಾತು ಕೊನೆಗೆ ಒಂದೇ ಸಾಲಿನಲ್ಲಿತ್ತು, ಉಳಿದದ್ದೆಲ್ಲ ‘ಅನುಭವ’. ಇಪ್ಪತ್ತೈದು ವರ್ಷದ ಅನುಭವ, ಪಳಗಿದ ಕೈ, ಸಂಕಟದ ಹೊತ್ತಿನಲ್ಲಿ ತಣ್ಣಗಿರುವ ತಲೆ. ಕೇಳಲು ಚೆನ್ನಾಗಿರುತ್ತದೆ. ನನಗೆ ಅನುಮಾನ ಬಂದದ್ದು ಅಲ್ಲೇ.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡಿನ ಹೈಸ್ಕೂಲಿನಲ್ಲಿ 17 ಮಂದಿ ಸತ್ತರು. ಆ ಶಾಲೆಗೆಂದೇ ನೇಮಕವಾಗಿದ್ದ ಪಿಸ್ತೂಲುಧಾರಿ ಅಧಿಕಾರಿಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟ ಸರ್ವಿಸಿತ್ತು. ಗುಂಡಿನ ಸದ್ದು ಕೇಳಿ ಕಟ್ಟಡದ ಹತ್ತಿರ ಬಂದವರು ಒಳಗೆ ಹೋಗದೆ ಹೊರಗೇ ನಿಂತರು. ಅವರ ಮೇಲೆ ಮೊಕದ್ದಮೆ ನಡೆದು 2023ರಲ್ಲಿ ಖುಲಾಸೆಯಾಯಿತು. ಸದ್ದು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಗಲಿಲ್ಲವೆಂಬುದು ಅವರ ವಾದ. 2018ರಲ್ಲೇ, ಮೇ 18ರಂದು ಟೆಕ್ಸಾಸಿನ ಸ್ಯಾಂಟಾ ಫೇ ಹೈಸ್ಕೂಲಿನಲ್ಲಿ ಇನ್ನೊಂದು. ಅಲ್ಲಿದ್ದವರು ಹ್ಯೂಸ್ಟನ್ ಪೊಲೀಸ್ ಇಲಾಖೆಯಲ್ಲಿ 23 ವರ್ಷ ದುಡಿದು ನಿವೃತ್ತರಾಗಿ, ಕೆಲವೇ ತಿಂಗಳ ಹಿಂದೆ ಶಾಲೆಯ ಕೆಲಸಕ್ಕೆ ಸೇರಿದ್ದವರು. ಅವರು ನೇರ ಎದುರು ಹೋದರು. ತೋಳಿಗೆ ಗುಂಡು ಬಿದ್ದು, ರಕ್ತ ಹರಿದು, ಸಾವಿನ ಬಾಗಿಲು ತಟ್ಟಿ ಬಂದರು. ಅಲ್ಲಿ 10 ಮಂದಿ ಸತ್ತರು. ಅವರು ಹೋಗದಿದ್ದರೆ ಎಷ್ಟಾಗುತ್ತಿತ್ತೋ ಯಾರು ಬಲ್ಲರು.

ಇಬ್ಬರ ಅರ್ಜಿಗಳನ್ನೂ ನಮ್ಮ ಮಂಡಳಿಯ ಮುಂದಿಟ್ಟಿದ್ದರೆ ಇಬ್ಬರಿಗೂ ಕೆಲಸ ಸಿಗುತ್ತಿತ್ತು. ಆ ನಾಲ್ಕೈದು ನಿಮಿಷದಲ್ಲಿ ಯಾರು ಏನು ಮಾಡುತ್ತಾರೆಂಬುದನ್ನು ಸರ್ವಿಸ್ ರಿಜಿಸ್ಟರ್ ಹೇಳುವುದಿಲ್ಲ. 2022ರಲ್ಲಿ ಟೆಕ್ಸಾಸಿನ ಯುವಾಲ್ಡಿಯಲ್ಲಿ ಗುಂಡಿನ ದಾಳಿಯಾದ ಶಾಲೆಗೆ ಬಂದು ಸೇರಿದ ಪೊಲೀಸರು 376 ಮಂದಿ. ಒಳಗೆ ಸತ್ತವರು 19 ಮಕ್ಕಳು, ಇಬ್ಬರು ಟೀಚರ್‌ಗಳು. ಕೊಂದವನಿದ್ದ ತರಗತಿಯ ಬಾಗಿಲು ತೆಗೆಯಲು ಅಷ್ಟು ಮಂದಿಗೆ 77 ನಿಮಿಷ ಹಿಡಿಯಿತು.

ಇದರ ಮೇಲೆ ಅಧ್ಯಯನವೂ ನಡೆದಿದೆ. 1980ರಿಂದ 2019ರವರೆಗೆ ಅಮೆರಿಕದ ಶಾಲೆಗಳಲ್ಲಿ ನಡೆದ 133 ಗುಂಡಿನ ದಾಳಿ ಮತ್ತು ದಾಳಿಯತ್ನಗಳನ್ನು ಹರಡಿಕೊಂಡು ಕೂತ ಸಂಶೋಧಕರು 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಕಾರ, ಶಸ್ತ್ರವಿರುವ ಕಾವಲಿನಿಂದ ಸಾವು ನೋವು ಕಡಿಮೆಯಾದದ್ದು ಕಾಣಲಿಲ್ಲ. ಬದಲಿಗೆ ಕಾವಲಿದ್ದ ಕಡೆ ಸಾವಿನ ಪ್ರಮಾಣ 2.83 ಪಟ್ಟು ಹೆಚ್ಚಿತ್ತು. ಬಂದೂಕು ಹಿಡಿದು ಶಾಲೆಗೆ ಬರುವವರಲ್ಲಿ ಬಹಳ ಮಂದಿ ಸಾಯಲೆಂದೇ ಬಂದಿರುತ್ತಾರೆ, ಬಾಗಿಲಲ್ಲಿ ಪಿಸ್ತೂಲಿದೆಯೆಂದು ಹಿಂದೆ ಸರಿಯುವುದಿಲ್ಲ ಎಂಬುದು ಅವರು ಸೂಚಿಸಿದ ಕಾರಣಗಳಲ್ಲೊಂದು. ಇದನ್ನೇ ಹಿಡಿದು ‘ಕಾವಲೇ ಬೇಡ’ ಎನ್ನುವ ಧೈರ್ಯ ನನಗಿಲ್ಲ. ತಡೆದ ದಾಳಿಗಳು ಇಂಥ ಪಟ್ಟಿಗೆ ಸುಲಭವಾಗಿ ಬರುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ನಾಲ್ವರು ಸತ್ತರು. ಶಾಲೆಯ ಅಧಿಕಾರಿಗಳು ಎದುರಿಗೆ ಬಂದ ಕೂಡಲೇ ಹುಡುಗ ಶರಣಾದ. ಅಲ್ಲಿ ಟೀಚರ್‌ಗಳ ಕೊರಳ ಐಡಿ ಕಾರ್ಡಿನಲ್ಲೇ ಗುಂಡಿ ಒತ್ತಿದರೆ ಎಚ್ಚರಿಕೆ ಹೋಗುವ ಏರ್ಪಾಡಿತ್ತು. ಕಾವಲುಗಾರ ಎಲ್ಲಿಗೆ ಓಡಬೇಕೆಂದು ಗೊತ್ತಾಗುವುದೇ ಅರ್ಧ ಕೆಲಸ.

ಅಂದರೆ, ಆ ಒಂದು ಭಯಂಕರ ದಿನಕ್ಕೆಂದು ಇವರನ್ನು ಕೊಳ್ಳುತ್ತಿದ್ದೇವೆ ಎಂದುಕೊಂಡರೆ ಏನು ಸಿಗುತ್ತದೋ ಹೇಳಲಾಗದು. ಆ ದಿನ ಬಹುಶಃ ನಮ್ಮ ಶಾಲೆಗೆ ಬರುವುದೂ ಇಲ್ಲ. ಉಳಿದ ನೂರೆಂಬತ್ತು ದಿನ ಆ ಮನುಷ್ಯ ಏನು ಮಾಡುತ್ತಾನೆ? ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಹೋದ ವರ್ಷ ವಸಂತದಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಲ್ಲಿಗೆ ಬಂದಿದ್ದರು. ದೊಡ್ಡಪ್ಪ ಕಾನ್‌ಸ್ಟೇಬಲ್ ಆಗಿ ಸೇರಿ, ಹಾಸನ ಜಿಲ್ಲೆಯ ಒಂದೊಂದೇ ಠಾಣೆ ಸುತ್ತಿ, ಎಎಸ್‌ಐ ಆಗಿ ಅರವತ್ತಕ್ಕೆ ನಿವೃತ್ತರಾದವರು. ಮಗನ ಮಿಡ್ಲ್ ಸ್ಕೂಲಿನಲ್ಲಿ ಕ್ಲಾಸ್ ಥ್ರೀ ಆಫೀಸರ್ ಒಬ್ಬರು ಮೊದಲಿಂದಲೂ ಇದ್ದಾರೆ. ಒಂದು ಮಧ್ಯಾಹ್ನ ಮಗನನ್ನು ಕರೆತರಲು ನಾನು ಹೊರಟಾಗ ದೊಡ್ಡಪ್ಪನೂ ಬಂದರು. ಕಾರಿನಿಂದಿಳಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಾಗಿಲಲ್ಲಿ ನಿಂತ ಆಫೀಸರನ್ನು ಎವೆಯಿಕ್ಕದೆ ನೋಡುತ್ತ ನಿಂತರು.

“ನೋಡಮ್ಮ, ಯಾರ ಮುಖಾನೂ ನೋಡ್ತಿಲ್ಲ ಆವಯ್ಯ. ಬಂದೋರ ಕೈ ನೋಡ್ತಾನೆ. ಕಸುಬು ಗೊತ್ತಿರೋನು,” ಎಂದರು. ಸ್ವಲ್ಪ ತಡೆದು, “ಬಲಗಾಲ ಮಂಡಿ ನೋವು ಅವನಿಗೆ. ಭಾರ ಎಲ್ಲ ಎಡಗಾಲಿನ ಮೇಲೇ ಹಾಕ್ತಾನೆ.”

ಆಫೀಸರ್ ಅಷ್ಟರಲ್ಲಿ ನಮ್ಮ ಕಡೆಗೇ ಬರುತ್ತಿದ್ದರು. ಗುರುತಿಲ್ಲದ ವಯಸ್ಸಾದ ಗಂಡಸೊಬ್ಬ ಐದು ನಿಮಿಷದಿಂದ ಶಾಲೆಯ ಬಾಗಿಲನ್ನೇ ದಿಟ್ಟಿಸುತ್ತಿದ್ದಾನೆ, ಕೈ ಬೇರೆ ಕಾಣುತ್ತಿಲ್ಲ! ನಗುನಗುತ್ತಲೇ ‘ಗುಡ್ ಆಫ್ಟರ್‌ನೂನ್’ ಹೇಳಿ, ಯಾರ ಮಗುವಿಗೆ ಕಾಯುತ್ತಿದ್ದೀರಿ ಎಂದು ಕೇಳಿದರು. ನನಗೆ ಮುಜುಗರವಾಯಿತು. ದೊಡ್ಡಪ್ಪನಿಗೆ ಹಬ್ಬ. ಕೈ ಮುಂದೆ ತಂದು, ಅಂಗೈ ತೋರಿಸಿ, “ಮೀ ಪೊಲೀಸ್. ಇಂಡಿಯಾ. ರಿಟೈರ್ಡ್,” ಎಂದರು. ಆಮೇಲೆ ನಾನು ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸಬೇಕಾಯಿತು. ಎಷ್ಟು ವರ್ಷ ಸರ್ವಿಸ್ ಎಂದು ಅವರು ಕೇಳಿದರು. ಮೂವತ್ತೆಂಟು ಎಂದಾಗ ಹುಬ್ಬೇರಿಸಿದರು. ಅವರದು ಇಪ್ಪತ್ತೈದಕ್ಕೆ ಮುಗಿಯಿತಂತೆ, ಪಿಂಚಣಿ ನೂರಕ್ಕೆ ಅರವತ್ತೈದು ಎಂದಾಗ ಹುಬ್ಬೇರಿಸುವ ಸರದಿ ದೊಡ್ಡಪ್ಪನದಾಯಿತು. “ನಮಗೆ ಮೂವತ್ತೆಂಟು ವರ್ಷ ನಿಂತ್ರೂ ಬೇಸಿಕ್‌ನಲ್ಲಿ ಅರ್ಧ. ಈಗ ಸೇರೋ ಹುಡುಗರಿಗೆ ಅದೂ ಇಲ್ಲ, ಎನ್‌ಪಿಎಸ್ ಅಂತೆ,” ಎಂದರು. ಅದನ್ನು ನಾನು ಇಂಗ್ಲಿಷಿಗೆ ತರುವ ಗೋಜಿಗೆ ಹೋಗಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ, “ಬಂದು ಕೇಳಿದನಲ್ಲ, ಅದು ಸರಿ. ನಗ್ತಾ ಕೇಳ್ದ, ಅದು ಇನ್ನೂ ಸರಿ,” ಎಂದು ಸರ್ಟಿಫಿಕೇಟ್ ಕೊಟ್ಟರು.

ದೊಡ್ಡಪ್ಪ ನಿವೃತ್ತರಾದ ಮೇಲೆ ಮಗಳ ಮದುವೆಯ ಸಾಲ ಉಳಿದಿತ್ತು. ಬೆಂಗಳೂರಿನ ಹೊರವಲಯದ ಖಾಸಗಿ ಶಾಲೆಯೊಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳಿಗೆಂದು ಕೇಂದ್ರ 2005ರಲ್ಲಿ ಮಾಡಿದ ಕಾಯ್ದೆಯಲ್ಲೇ ಸೇನೆಯಲ್ಲಿ, ಪೊಲೀಸಿನಲ್ಲಿ, ಹೋಮ್‌ಗಾರ್ಡಿನಲ್ಲಿ ಇದ್ದವರಿಗೆ ಆದ್ಯತೆ ಕೊಡಬಹುದೆಂದಿದೆ. ಅಲ್ಲಿಯೂ ವಯಸ್ಸಿನ ಮಿತಿ 65. ಎರಡು ದೇಶದ ಕಾನೂನು ಬರೆದವರಿಗೂ ಅದೇ ಸಂಖ್ಯೆ ಹೊಳೆದದ್ದು ತಮಾಷೆ. ಆದರೆ ದೊಡ್ಡಪ್ಪನ ಹತ್ತಿರ ಪಿಸ್ತೂಲಿರಲಿಲ್ಲ, ಯಾರನ್ನೂ ಹಿಡಿಯುವ ಅಧಿಕಾರವೂ ಇರಲಿಲ್ಲ. ಒಂದು ಸೀಟಿ, ಒಂದು ರಿಜಿಸ್ಟರು, ಹನ್ನೆರಡು ಗಂಟೆ ಡ್ಯೂಟಿ.

ಬೆಂಗಳೂರಿನ ಶಾಲೆಗಳ ಭಯವೇ ಬೇರೆ. 2014ರಲ್ಲಿ ಒಂದು ಶಾಲೆಯೊಳಗೇ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯವಾದ ಮೇಲೆ, ಅಪ್ಪ ಅಮ್ಮಂದಿರು ಬೀದಿಗಿಳಿದ ಮೇಲೆ, ಸಿಬ್ಬಂದಿಯ ಪೂರ್ವಾಪರ ವಿಚಾರಿಸಬೇಕು, ಸಿಸಿಟಿವಿ ಹಾಕಬೇಕು ಎಂಬ ನಿಯಮಗಳೆಲ್ಲ ಬಿಗಿಯಾದವು. 2023ರ ಡಿಸೆಂಬರ್ 1ರಂದು ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬಿದೆಯೆಂದು ಹುಸಿ ಇಮೇಲ್ ಬಂತು. ಅವತ್ತು ನನ್ನ ತಂಗಿ ಆಫೀಸಿನಿಂದ ಆಟೊದಲ್ಲಿ ಅಳುತ್ತ ಶಾಲೆಗೆ ಓಡಿದ್ದಳು. ಇಂಥದಕ್ಕೆಲ್ಲ ಬಾಗಿಲಲ್ಲಿ ಪಿಸ್ತೂಲಿದ್ದು ಏನು ಮಾಡುವುದು? ದೊಡ್ಡಪ್ಪನಿಗೆ ಗೊತ್ತಿದ್ದದ್ದು ಮನುಷ್ಯರನ್ನು ಓದುವುದು. ವ್ಯಾನ್ ಡ್ರೈವರ್‌ಗಳ ಲೈಸೆನ್ಸ್ ನಂಬರನ್ನು ರಿಜಿಸ್ಟರಿನಲ್ಲಿ ಬರೆಸಿದರು. ಸೋಮವಾರ ಬೆಳಿಗ್ಗೆ ಒಬ್ಬೊಬ್ಬರನ್ನೂ ಮಾತಾಡಿಸುವ ನೆಪದಲ್ಲಿ ಕಿಟಕಿಯ ಹತ್ತಿರ ಮೂಗು ಒಯ್ಯುತ್ತಿದ್ದರು. ಹಾಗೇ ಒಬ್ಬನನ್ನು ಹಿಡಿದು, ಮ್ಯಾನೇಜ್‌ಮೆಂಟಿಗೆ ಹೇಳಿ ತೆಗೆಸಿದರು. ‘ಅಂಕಲ್ ಬರ್ತಾರೆ’ ಎಂದು ಬಂದು ಮಗುವನ್ನು ಕೇಳಿದವನಿಗೆ ಮಗುವಿನ ಮನೆಯಲ್ಲಿ ಕರೆಯುವ ಹೆಸರು ಕೇಳುತ್ತಿದ್ದರು. ತಡವರಿಸಿದರೆ ಅಮ್ಮನಿಗೆ ಫೋನ್.

ಒಂದು ಫೆಬ್ರವರಿಯಲ್ಲಿ ಮ್ಯಾನೇಜರ್ ಒಂದು ಪಟ್ಟಿ ಕೊಟ್ಟನಂತೆ. ಫೀಸು ಬಾಕಿಯಿರುವ ಮಕ್ಕಳ ಹೆಸರು. ಇವರನ್ನು ಒಳಗೆ ಬಿಡಬೇಡಿ, ಗೇಟಿನಲ್ಲೇ ನಿಲ್ಲಿಸಿ, ಅಪ್ಪ ಅಮ್ಮ ಬರಲಿ.

“ಅಲ್ಲ ಕಣಮ್ಮ, ಮೂವತ್ತೆಂಟು ವರ್ಷ ಕಳ್ಳರನ್ನ ನಿಲ್ಲಿಸಿದೀನಿ, ಕುಡುಕರನ್ನ ನಿಲ್ಲಿಸಿದೀನಿ. ಎರಡನೇ ಕ್ಲಾಸಿನ ಮಗೂನ ನಿಲ್ಸು ಅಂದ್ರೆ? ಅದು ಬ್ಯಾಗ್ ಹಾಕ್ಕೊಂಡು ನನ್ನ ಮುಖ ನೋಡ್ತಾ ಇದೆ. ದಿನಾ ಗುಡ್ ಮಾರ್ನಿಂಗ್ ತಾತ ಅನ್ನೋ ಮಗು.” ಎಲ್ಲರನ್ನೂ ಒಳಗೆ ಬಿಟ್ಟು, ಪಟ್ಟಿಯನ್ನು ಮ್ಯಾನೇಜರ್ ಕೈಗೇ ವಾಪಸ್ ಕೊಟ್ಟು, ಬೇಕಿದ್ದರೆ ನೀವೇ ಗೇಟಿಗೆ ಬಂದು ನಿಲ್ಲಿ ಅಂದರಂತೆ. ತಿಂಗಳ ಕೊನೆಗೆ ಕೆಲಸ ಹೋಯಿತು.

ಈ ಮಾತು ಕೇಳಿಸಿಕೊಂಡಾಗಿನಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಬಾಗಿಲಲ್ಲಿ ನಿಂತವನಿಗೆ ಯಾವ ಕೆಲಸ ಹೇಳಬಾರದು ಎಂಬುದನ್ನು ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಶಾಲೆಗೆ ಬೇಡವಾದ ಕೆಲಸವೆಲ್ಲ ಒಂದೊಂದಾಗಿ ಅವನ ತಲೆಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಅದು ಫೀಸು ವಸೂಲಿ. ಅಮೆರಿಕದಲ್ಲಿ ಶಿಸ್ತು. ದೊಡ್ಡಪ್ಪನ ಕೈಯಲ್ಲಿ ಸೀಟಿಯಷ್ಟೇ ಇತ್ತು, ಇಲ್ಲಿ ಬೇಡಿಯಿದೆ.

2019ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಶಾಲೆಯಲ್ಲಿ ರಂಪ ಮಾಡಿ, ಸಿಬ್ಬಂದಿಯೊಬ್ಬರಿಗೆ ಒದ್ದಳು. ಆಫೀಸಿನಲ್ಲಿ ಕೂರಿಸಿ ಕಥೆ ಓದಿಸುತ್ತಿದ್ದ ಹೊತ್ತಿಗೆ ಪೊಲೀಸ್ ಬಂದು ಆ ಪುಟ್ಟ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಸಿ, ಅಳುತ್ತಿದ್ದ ಮಗುವನ್ನು ಕಾರಿನಲ್ಲಿ ಕೂರಿಸಿದ ದೃಶ್ಯ ಬಾಡಿ ಕ್ಯಾಮೆರಾದಲ್ಲಿ ದಾಖಲಾಗಿದೆ. ನಾನು ಅದನ್ನು ಪೂರ್ತಿ ನೋಡಲಾಗದೆ ನಿಲ್ಲಿಸಿದೆ. ಬಂಧಿಸಿದ ಅಧಿಕಾರಿ ಒರ್ಲ್ಯಾಂಡೊ ಪೊಲೀಸಿನಲ್ಲಿ 23 ವರ್ಷ ದುಡಿದು ನಿವೃತ್ತರಾಗಿ, ಮೀಸಲು ದಳಕ್ಕೆ ಸೇರಿ, ಶಾಲೆಯ ಡ್ಯೂಟಿಗೆ ಬಂದಿದ್ದವರು. ಅದೇ ದಿನ ಆರು ವರ್ಷದ ಇನ್ನೊಂದು ಮಗುವನ್ನೂ ಅವರು ಬಂಧಿಸಿದ್ದರು. ಅವರನ್ನು ಕೆಲಸದಿಂದ ತೆಗೆದರು, ಮಗುವಿನ ಮೇಲಿನ ಕೇಸು ಬಿಟ್ಟರು. ಏಳು ವರ್ಷದೊಳಗಿನ ಮಕ್ಕಳನ್ನು, ತೀರ ಗಂಭೀರ ಅಪರಾಧ ಹೊರತು, ಬಂಧಿಸಬಾರದೆಂದು ಫ್ಲಾರಿಡಾ ಕಾನೂನು ಮಾಡಲು 2021 ಬರಬೇಕಾಯಿತು. ಏಳು! ಆ ಸಂಖ್ಯೆ ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸ್ಯಾಂಟಾ ಫೇಯ ಅಧಿಕಾರಿಗೂ 23 ವರ್ಷ, ಒರ್ಲ್ಯಾಂಡೊದವರಿಗೂ 23 ವರ್ಷ.

ನಮ್ಮ ಶಾಲೆಯಲ್ಲಿ ಅಂಥದ್ದೇನೂ ನಡೆದಿಲ್ಲ. ಮಂಡಿ ನೋವಿನ ಆಫೀಸರ್ ಮಕ್ಕಳಿಗೆ ಅಚ್ಚುಮೆಚ್ಚು; ಬೆಳಿಗ್ಗೆ ಒಬ್ಬೊಬ್ಬರಿಗೂ ಮುಷ್ಟಿಗೆ ಮುಷ್ಟಿ ತಾಗಿಸಿ ಒಳಗೆ ಬಿಡುತ್ತಾರೆ. ಪಕ್ಕದ ಬಾಗಿಲಿಗೆ ಯಾರಾದರೂ ಕಲ್ಲು ಕೊಟ್ಟು ತೆರೆದಿಟ್ಟಿದ್ದರೆ ಕಲ್ಲನ್ನು ಎತ್ತಿಕೊಂಡು ಹೋಗಿ ಪ್ರಿನ್ಸಿಪಾಲರ ಮೇಜಿನ ಮೇಲಿಡುತ್ತಾರೆ ಎಂದು ಮಗ ಹೇಳಿದ. ಈ ರಾಜ್ಯದಲ್ಲಿ ತಿಂಗಳಿಗೊಮ್ಮೆ ಬೆಂಕಿಯ ಡ್ರಿಲ್ಲಿನ ಜೊತೆ ಭದ್ರತೆಯ ಡ್ರಿಲ್ಲೂ ನಡೆಸಬೇಕು; ಮಕ್ಕಳು ದೀಪ ಆರಿಸಿ, ಮೂಲೆಯಲ್ಲಿ ಒಬ್ಬರಿಗೊಬ್ಬರು ಒತ್ತಿ ಕೂತಿರುವಾಗ ಇವರು ಹಿಡಿಕೆ ತಿರುಗಿಸಿ ನೋಡುತ್ತ ಹೋಗುತ್ತಾರೆ. ಮುಗಿದ ಮೇಲೆ ಜೋಕು ಹೇಳುತ್ತಾರಂತೆ. ಪೊಲೀಸ್ ಜೀವನದ ಮೆಟ್ಟಿಲು ಹತ್ತಿ ಮುಗಿಸಿದವರು, ಪ್ರಮೋಷನ್ನಿನ ಆಸೆಯಿಲ್ಲ, ತಿಂಗಳಿಗಿಷ್ಟು ಕೇಸು ತೋರಿಸಬೇಕೆಂಬ ಒತ್ತಡವಿಲ್ಲ. ನಿವೃತ್ತರನ್ನು ತರುವುದರ ನಿಜವಾದ ಲಾಭ ಇದೇ ಎನಿಸುತ್ತದೆ. ಯಾವ ಸ್ಲೈಡಿನಲ್ಲೂ ಇದು ಇರಲಿಲ್ಲ.

ಆದರೂ ಮಗ ಹೇಳಿದ ಇನ್ನೊಂದು ಪ್ರಸಂಗ ಇದೆ. ಒಬ್ಬ ಹುಡುಗ ತರಗತಿಯಲ್ಲಿ ಫೋನ್ ಕೊಡಲು ಒಪ್ಪಲಿಲ್ಲ. ಟೀಚರ್ ಆಫೀಸಿಗೆ ಫೋನ್ ಮಾಡಿದರು. ಕೌನ್ಸೆಲರ್ ಮೀಟಿಂಗಿನಲ್ಲಿದ್ದರು, ವೈಸ್ ಪ್ರಿನ್ಸಿಪಾಲ್ ಊಟಕ್ಕೆ ಹೋಗಿದ್ದರು. ಹತ್ತಿರವಿದ್ದವರು ಆಫೀಸರ್, ಅವರೇ ಹೋದರು. ಬಾಗಿಲಲ್ಲಿ ನಿಂತು, ನಿನ್ನೆಯ ಫುಟ್‌ಬಾಲ್ ಮ್ಯಾಚಿನ ಮಾತೆತ್ತಿ, ಎರಡು ನಿಮಿಷದಲ್ಲಿ ಫೋನ್ ಇಸಿದುಕೊಂಡು ಬಂದರು. ಎಲ್ಲರಿಗೂ ಖುಷಿ. ನನ್ನ ಗಂಡನೂ ‘ನೋಡು, ಎಷ್ಟು ಚೆನ್ನಾಗಿ ನಿಭಾಯಿಸಿದರು’ ಎಂದರು. ನನಗೆ ಕಸಿವಿಸಿಯಾದದ್ದು ಅದಕ್ಕೇ. ಚೆನ್ನಾಗಿ ನಿಭಾಯಿಸಿದ್ದರಿಂದ ಮುಂದಿನ ಸಲವೂ ಅವರನ್ನೇ ಕರೆಯುತ್ತಾರೆ. ನಾಳೆ ಇವರು ಬಿಟ್ಟು ಹೋದರೆ ಬರುವವರ ಸ್ವಭಾವ ಹೇಗೋ. 2015ರಲ್ಲಿ ಸೌತ್ ಕ್ಯಾರೊಲಿನಾದ ಹೈಸ್ಕೂಲಿನಲ್ಲಿ ಶುರುವಾದದ್ದೂ ಇಂಥ ಫೋನಿನ ರಗಳೆಯಿಂದಲೇ. ಶಾಲೆಯ ಪೊಲೀಸ್ ಹುಡುಗಿಯನ್ನು ಕುರ್ಚಿ ಸಮೇತ ಉರುಳಿಸಿ, ನೆಲದ ಮೇಲೆ ಎಳೆದು ಎಸೆದದ್ದನ್ನು ಸಹಪಾಠಿಗಳು ವಿಡಿಯೊ ಮಾಡಿದರು. ಆ ಹುಡುಗಿ ಕಪ್ಪು ವರ್ಣದವಳು, ಒರ್ಲ್ಯಾಂಡೊದ ಮಗುವೂ ಹೌದು. ಕೇಂದ್ರ ಶಿಕ್ಷಣ ಇಲಾಖೆಯ 2015–16ರ ಅಂಕಿಅಂಶದಲ್ಲಿ ಶಾಲೆಗೆ ಬರುವ ಮಕ್ಕಳಲ್ಲಿ ಕಪ್ಪು ವರ್ಣದವರು 15 ಶೇಕಡಾ, ಪೊಲೀಸರಿಗೆ ಒಪ್ಪಿಸಿದ ಅಥವಾ ಬಂಧಿಸಿದ ಮಕ್ಕಳಲ್ಲಿ 31 ಶೇಕಡಾ.

ನಮ್ಮ ಕನ್ನಡದ ಗುಂಪಿನಲ್ಲಿ ಇದನ್ನು ಹಾಕಿದಾಗ ಗೆಳತಿಯೊಬ್ಬಳು, ‘ನಮ್ಮ ಮಕ್ಕಳು ಹಾಗೆಲ್ಲ ಮಾಡಲ್ಲ ಬಿಡೇ’ ಎಂದಳು. ಊರಿನಲ್ಲಿದ್ದಾಗ ಠಾಣೆಯ ಮುಂದೆ ಸ್ಕೂಟರ್ ನಿಲ್ಲಿಸಲೂ ಅಂಜುತ್ತಿದ್ದ ನಾವು ಇಲ್ಲಿಗೆ ಬಂದ ಮೇಲೆ ಪೊಲೀಸರ ಕಟ್ಟಾ ಅಭಿಮಾನಿಗಳು. ಹದಿಮೂರು ಹದಿನಾಲ್ಕರ ಮಕ್ಕಳು ಏನು ಮಾಡುತ್ತಾರೆ, ಏನು ಮಾಡಲ್ಲ ಎಂದು ಇಷ್ಟು ಗ್ಯಾರಂಟಿಯಾಗಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಮಂಡಳಿಯ ಮುಂದಿನ ಸಭೆಗೆ ಹೋದೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ, ಮುಂದೆ ದೊಡ್ಡ ಗಡಿಯಾರ. ನನಗಿಂತ ಮೊದಲು ಮಾತಾಡಿದ ಆಫ್ರಿಕನ್ ಅಮೆರಿಕನ್ ತಾಯಿಯೊಬ್ಬರು, ತಮ್ಮ ಮಗನ ಲಾಕರನ್ನು ಒಂದೇ ಸೆಮಿಸ್ಟರಿನಲ್ಲಿ ಮತ್ತೆ ಮತ್ತೆ ತೆರೆಸಿದ್ದರೆಂದು ಹೇಳಿ, ಗಡಿಯಾರ ಕೆಂಪಾಗುವ ಮೊದಲೇ ಕೂತುಬಿಟ್ಟರು. ಆಮೇಲೆ ಎದ್ದವರೊಬ್ಬರು ಸ್ಯಾಂಡಿ ಹುಕ್ ನೆನಪಿಸಿ, ಎಷ್ಟಾದರೂ ಖರ್ಚಾಗಲಿ ಎಂದಾಗ ಚಪ್ಪಾಳೆ ಬಿತ್ತು. ನನ್ನ ಸರದಿ ಬಂದಾಗ ನೇಮಕ ಬೇಡವೆನ್ನಲಿಲ್ಲ. ಕೇಳಿದ್ದು ಇಷ್ಟು: ಆಫೀಸರನ್ನು ತರಗತಿಯೊಳಗೆ ಕರೆಯುವ ಅಧಿಕಾರ ಯಾರಿಗಿದೆ, ಯಾವ ಕಾರಣಕ್ಕೆ ಕರೆಯಬಾರದು, ಕರೆದದ್ದನ್ನು ಎಲ್ಲಿ ಬರೆದಿಡುತ್ತೀರಿ, ಎಷ್ಟು ದಿನದೊಳಗೆ ಅಪ್ಪ ಅಮ್ಮಂದಿರಿಗೆ ತಿಳಿಸುತ್ತೀರಿ. ಕೌನ್ಸೆಲರ್ ಹುದ್ದೆಯೊಂದು ಖಾಲಿಯಿದೆಯಲ್ಲ, ಅದನ್ನು ಯಾವಾಗ ತುಂಬುತ್ತೀರಿ ಎಂದೂ ಸೇರಿಸಿದೆ. ಚಪ್ಪಾಳೆ ಬೀಳಲಿಲ್ಲ. ಅವೆಲ್ಲ ಪೊಲೀಸ್ ಇಲಾಖೆಯ ಜೊತೆಗಿನ ಒಪ್ಪಂದದಲ್ಲಿವೆ ಎಂದರು ಮಂಡಳಿಯ ವಕೀಲರು. ಆಫೀಸರ್‌ಗೆ ಸಂಬಳದ ಹಣ ಶಾಲೆಯದು, ಅವರು ವರದಿ ಮಾಡಿಕೊಳ್ಳುವುದು ಊರಿನ ಪೊಲೀಸ್ ಮುಖ್ಯಸ್ಥರಿಗೆ. ಹಾಗಾಗಿ ಎಲ್ಲವೂ ಆ ಒಪ್ಪಂದದಲ್ಲೇ ಇರಬೇಕು. ನೇಮಕಕ್ಕೆ ಒಪ್ಪಿಗೆ ಸಿಕ್ಕಿತು.

ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಒಪ್ಪಂದದ ಪ್ರತಿ ಕೇಳಿ ಅರ್ಜಿ ಹಾಕಿದೆ. ಇಲ್ಲಿ ಸಾಮಾನ್ಯವಾಗಿ ಏಳು ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಕೊಟ್ಟರು. ಭದ್ರತೆಯ ಯೋಜನೆಯಿರುವ ಪುಟಗಳಿಗೆ ಕಪ್ಪು ಬಳಿದಿತ್ತು, ಅದು ಸರಿಯೇ. ಉಳಿದ ಪುಟಗಳಲ್ಲಿ ಸಮವಸ್ತ್ರ, ಪಿಸ್ತೂಲಿನ ಅರ್ಹತಾ ಪರೀಕ್ಷೆ, ಪಾರ್ಕಿಂಗ್ ಜಾಗ, ಗಂಟೆಯ ದರ ಎಲ್ಲ ವಿವರವಾಗಿದೆ. ಮಕ್ಕಳ ಶಿಸ್ತು ಶಾಲೆಯ ಜವಾಬ್ದಾರಿ ಎಂಬ ಒಂದು ಸಾಲೂ ಇದೆ. ಆದರೆ ಅದರ ಕೊನೆಗೆ ‘ಪ್ರಿನ್ಸಿಪಾಲರು ನೆರವು ಕೋರಿದ ಹೊರತು’ ಎಂದಿದೆ. ಫೋನ್ ಕೊಡದ ಹುಡುಗನ ತರಗತಿಗೆ ಆಫೀಸರ್ ಹೋದದ್ದು ಆ ನಾಲ್ಕು ಪದಗಳ ಬಲದಿಂದಲೇ ಇರಬೇಕು. ಒಪ್ಪಂದಕ್ಕೆ ವರ್ಷಕ್ಕೊಮ್ಮೆ ಹೊಸದಾಗಿ ಸಹಿಯಾಗುತ್ತದೆ. ಆ ಪದಗಳ ಜಾಗಕ್ಕೆ ‘ಯಾರ ಪ್ರಾಣಕ್ಕಾದರೂ ಅಪಾಯವಿದ್ದ ಹೊರತು’ ಎಂದು ಬರೆಯಿರೆಂದು ಕೇಳುವ ಪತ್ರ ಸಿದ್ಧವಾಗಿದೆ. ಲಾಕರಿನ ಮಾತಾಡಿದ ತಾಯಿ ಸಹಿ ಹಾಕಿದ್ದಾರೆ. ಕನ್ನಡದ ಗುಂಪಿನಲ್ಲಿ ಇನ್ನೂ ಕೇಳುತ್ತಿದ್ದೇನೆ.